ಏಜೆಂಟರ ಖಾತೆಗೆ ಟೋಕನ್ ಹಣ ಹಾಕುವ ಮುನ್ನ

ಮಾನ್ಯರೇ, ಯಲಹಂಕದ ಹೊಸ ಫ್ಲ್ಯಾಟಿಗೆ ಐವತ್ತು ಸಾವಿರ ರೂಪಾಯಿ ಟೋಕನ್ ಹಣವನ್ನು ತನ್ನ ಸ್ವಂತ ಖಾತೆಗೆ ಹಾಕಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಆಮೇಲೆ ಕೊಡುತ್ತೇನೆ ಎನ್ನುವ ಏಜೆಂಟರನ್ನು ನಂಬಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಣ ಹಾಕಬೇಡಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಯೋಜನೆಯ ಫ್ಲ್ಯಾಟನ್ನಾಗಲಿ ನಿವೇಶನವನ್ನಾಗಲಿ ಮಾರಿಸಿಕೊಡುವ ಏಜೆಂಟರು ಮೊದಲೇ ನೋಂದಣಿ ಮಾಡಿಸಿರಬೇಕು ಮತ್ತು ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೂ ದಂಡ ಬೀಳುತ್ತದೆ.

ಕರ್ನಾಟಕ ರೇರಾ ಜಾಲತಾಣದಲ್ಲಿ ಅವರ ಹೆಸರನ್ನು ನೀವೇ ಹುಡುಕಿ, ನೋಂದಣಿಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಏಜೆಂಟರ ಸಂಖ್ಯೆಯಲ್ಲಿ ಎರಡು ಓರೆಗೆರೆಗಳ ನಡುವೆ ‘ಎಜಿ’ ಎಂದಿರುತ್ತದೆ. ಅದೇ ಜಾಗದಲ್ಲಿ ‘ಪಿಆರ್’ ಎಂದಿದ್ದರೆ ಅದು ಯೋಜನೆಯ ಸಂಖ್ಯೆಯೇ ಹೊರತು ಅವರದ್ದಲ್ಲ. ಯೋಜನೆಗೇ ನೋಂದಣಿಯಿಲ್ಲದಿದ್ದರೆ ಅದನ್ನು ಮಾರಿಸಿಕೊಡುವಂತೆಯೇ ಇಲ್ಲ. (ಹಳೆಯ ಮನೆಯ ಮರುಮಾರಾಟಕ್ಕೆ ಈ ನಿಯಮದ ರಕ್ಷಣೆ ಸಿಗದು; ಅಲ್ಲಿ ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ಮತ್ತು ವಕೀಲರ ಪರಿಶೀಲನೆಯೇ ಗತಿ.)

ಮುಂಗಡವನ್ನು ಬಿಲ್ಡರ್ ಕಂಪನಿಯ ಹೆಸರಿಗೇ ಚೆಕ್ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಮಾರಾಟದ ಕರಾರು ನೋಂದಣಿಯಾಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳಲು ಬಿಲ್ಡರಿಗೂ ಅಧಿಕಾರವಿಲ್ಲ. ಏಜೆಂಟರು ಕಳಿಸಿದ ಸಂದೇಶಗಳನ್ನು ಅಳಿಸಬೇಡಿ. ರೇರಾಗೆ ದೂರು ಕೊಡುವಾಗ ಅವು ಬೇಕಾಗುತ್ತವೆ.