ಹಳೇ ನಡವಳಿ ಪುಸ್ತಕ ರದ್ದಿಗೆ ಹಾಕಬೇಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾನು ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಅಧ್ಯಕ್ಷ. ಮುಂದಿನ ಮೂರು ವರ್ಷ ಸಾಲ ಎಷ್ಟು ಕೊಡಬಹುದು, ಕೈಯಲ್ಲಿ ನಗದು ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತಿದ್ದೇವೆ. ಐದು ವರ್ಷದ ಲೆಕ್ಕ ಎಕ್ಸೆಲ್‌ನಲ್ಲಿದೆ, ಅಷ್ಟು ಸಾಕು ಅಂತಾರೆ ಹೊಸ ನಿರ್ದೇಶಕರು. ನೂರು ವರ್ಷದ ಇತಿಹಾಸವನ್ನೂ ನೋಡೋಣ ಅಂದಿದ್ದಕ್ಕೆ ನಕ್ಕುಬಿಟ್ಟರು. ನಾನು ಹೇಳಿದ್ದು ತಪ್ಪಾ?
- ಮಲ್ಲೇಶ್ವರದ ಓದುಗರು

ಉತ್ತರ: ತಪ್ಪೇನಿಲ್ಲ. ನೂರು ವರ್ಷ ಅಂದರೆ ಯಾರಾದರೂ ನಗುತ್ತಾರೆ, ಬಿಡಿ. ಆ ಐದು ವರ್ಷದಲ್ಲಿ ಏನೇನು ಆಗಲೇ ಇಲ್ಲ ಅಂತ ಅವರನ್ನೇ ಕೇಳಿ. ನಿಮ್ಮ ಎಕ್ಸೆಲ್ 2021ರಿಂದ ಶುರುವಾಗಿದ್ದರೆ 2020ರ ಲಾಕ್‌ಡೌನೇ ಅದರಲ್ಲಿಲ್ಲ, ಅಲ್ವಾ? ಅಂಗಡಿಗಳೆಲ್ಲ ಬಾಗಿಲು ಹಾಕಿದ ಆ ತಿಂಗಳುಗಳಲ್ಲಿ ಕಂತು ಕಟ್ಟಿದವರು ಯಾರು, ಕೈಯೆತ್ತಿದವರು ಯಾರು ಅನ್ನುವುದೇ ಗೊತ್ತಿಲ್ಲದ ಲೆಕ್ಕ ಇಟ್ಟುಕೊಂಡು ಮುಂದಿನ ಮೂರು ವರ್ಷಕ್ಕೆ ಧೈರ್ಯ ಹೇಳುವುದು ಹೇಗೆ?

ಇನ್ನೂ ಸ್ವಲ್ಪ ಹಿಂದೆ ಹೋಗೋಣ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಭಯ ಅಲ್ಲಿಗೇ ನಿಲ್ಲಲಿಲ್ಲ, ಬೇರೆ ಬ್ಯಾಂಕುಗಳಿಗೂ ಹಬ್ಬಿತು. ಆ ಪೆಟ್ಟಿನಿಂದಲೇ 1962ರಲ್ಲಿ ಠೇವಣಿ ವಿಮೆ ಶುರುವಾದದ್ದು. ಆಗ ಒಬ್ಬರಿಗೆ 1,500 ರೂಪಾಯಿವರೆಗೆ ವಿಮೆ ಇತ್ತು, 2020ರಲ್ಲಿ ಅದು 5 ಲಕ್ಷವಾಯಿತು. ಆದರೆ ಅದು ಬ್ಯಾಂಕುಗಳಿಗೆ. ನಿಮ್ಮಂಥ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇದು ನಿಮ್ಮ ನಿರ್ದೇಶಕರಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ವಿಷಯ, ಇದು ನನಗೆ ತುಂಬಾ ಹಿಡಿಸಿದ್ದು. 1876-78ರ ಬರ ಮೈಸೂರು ಸೀಮೆಯನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಆಮೇಲೆ, 1880ರ ದಶಕದಲ್ಲಿ, ಸರ್ಕಾರ ಬರ ನಿರ್ವಹಣೆಗೆ ನಿಯಮಾವಳಿ ಮಾಡಿತು. ಜನ ಸಾಯುವ ತನಕ ಕಾಯಬೇಡಿ, ಕಾಳಿನ ಬೆಲೆ ಏರುತ್ತಿದೆಯಾ, ಜನ ಊರು ಬಿಟ್ಟು ಅಲೆಯುತ್ತಿದ್ದಾರಾ, ಕಳ್ಳತನ ಜಾಸ್ತಿಯಾಗಿದೆಯಾ ಅಂತ ಮೊದಲೇ ನೋಡುತ್ತಿರಿ ಎಂದು ಅಧಿಕಾರಿಗಳಿಗೆ ಹೇಳುವಂಥ ನಿಯಮಗಳು ಅವು. ಬ್ರಿಟಿಷರು ಆ ಬರದಲ್ಲಿ ನಡೆದುಕೊಂಡ ರೀತಿಯನ್ನು ನಾನು ಹೊಗಳುತ್ತಿಲ್ಲ, ದೇಶದಿಂದ ಕಾಳು ಹೊರಗೆ ಹೋಗುತ್ತಲೇ ಇತ್ತು. ಆದರೆ ಸತ್ತವರ ಲೆಕ್ಕದಿಂದ ಬದುಕಿರುವವರಿಗೆ ಎಚ್ಚರಿಕೆಯ ಗುರುತು ಹುಡುಕುವುದು ಹೇಗೆ ಅಂತ ಅದರಿಂದ ಕಲಿಯಬಹುದು.

ನಿಮಗೂ ಅಂಥ ಗುರುತುಗಳಿವೆ. ಎಂಟನೇ ಕ್ರಾಸಿನ ಹೂವಿನವರು ದಿನಾ ಕಟ್ಟುವ ಪಿಗ್ಮಿ ನಿಲ್ಲಿಸುತ್ತಾರೆ. ಬಿಡಿಸಿಕೊಂಡು ಹೋದ ಬಳೆ ಮೂರೇ ತಿಂಗಳಲ್ಲಿ ಮತ್ತೆ ಅಡಮಾನಕ್ಕೆ ಬರುತ್ತದೆ. ಸುಸ್ತಿ ಸಾಲದ ಪಟ್ಟಿ ಉದ್ದವಾಗುವುದು ಇದೆಲ್ಲ ಆದ ಮೇಲೆ.

ಆಫೀಸಿನ ಬೀರು ತೆಗೆಸಿ. ಇಂಥದ್ದೇ ಒಂದು ಸಂಘದಲ್ಲಿ ನಾನು ಹಳೇ ನಡವಳಿ ಪುಸ್ತಕ ತಿರುವಿದ್ದೇನೆ, ಹಾಳೆಯೆಲ್ಲ ಹುಳ ತಿಂದು ಜರಡಿಯಾಗಿತ್ತು. ಪಕ್ಕದ ಬೀದಿಯ ಬೇರೆ ಸಂಘದ ಬಗ್ಗೆ ಗಾಳಿಸುದ್ದಿ ಎದ್ದಾಗ ಇವರ ಸದಸ್ಯರೂ ಠೇವಣಿ ವಾಪಸ್ ಕೇಳಿದ್ದು, ಅದಕ್ಕೆ ಹೊಸ ಸಾಲ ನಿಲ್ಲಿಸಿದ್ದು ಎಲ್ಲ ಅದರಲ್ಲಿತ್ತು. ಈಗಿನ ಕಾರ್ಯದರ್ಶಿಗೆ ಅದು ಗೊತ್ತೇ ಇರಲಿಲ್ಲ! ಎಷ್ಟು ದಿನ ಜನ ಸಾಲು ನಿಂತರು, ಎಷ್ಟು ಹಣ ಹೋಯಿತು, ಎಷ್ಟು ತಿಂಗಳಿಗೆ ವಾಪಸ್ ಬಂತು ಅನ್ನುವ ಮೂರು ಅಂಕಿ ನಿಮಗೂ ಸಿಕ್ಕರೆ ನಗದು ಎಷ್ಟಿಡಬೇಕು ಅನ್ನುವ ವಾದ ಅರ್ಧ ಮುಗಿದ ಹಾಗೆ.

ಪ್ರಶ್ನೆ: ಇತಿಹಾಸದ ಅಂಕಿ ಅಂಶ ಹಾಕಿ ಗಣಿತದಿಂದ ಗಲಭೆಗಳನ್ನು ಮೊದಲೇ ಹೇಳಬಹುದಂತೆ. ನಿಜಾನಾ?
- ಕಾಲೇಜು ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಅರ್ಧ ನಿಜ. 2020ರ ಸುಮಾರಿಗೆ ಅಮೆರಿಕದಲ್ಲಿ ರಾಜಕೀಯ ಅಶಾಂತಿ ಏರುತ್ತದೆ ಅಂತ ಪೀಟರ್ ಟರ್ಚಿನ್ ಎಂಬ ವಿದ್ವಾಂಸರು 2010ರಲ್ಲೇ ಬರೆದಿದ್ದರು. ದುಡಿಯುವವರ ಸಂಬಳ ಏರದೆ ನಿಂತಿರುವುದು, ಓದಿದವರು ಜಾಸ್ತಿಯಾಗಿ ದೊಡ್ಡ ಕುರ್ಚಿಗಳು ಸಾಲದಿರುವುದು, ಸರ್ಕಾರದ ಸಾಲ ಬೆಳೆಯುವುದು, ಇವನ್ನು ಅವರು ಗಮನಿಸಿದ್ದರು. ಆದರೆ ಹೇಳಿದ್ದು ಒತ್ತಡದ ಬಗ್ಗೆ. ಯಾವ ಊರು, ಯಾವ ದಿನ ಅಂತ ಅಲ್ಲ. ಅಷ್ಟನ್ನೂ ಹೇಳುತ್ತೇನೆ ಅನ್ನುವವರನ್ನು ಪಂಚಾಂಗದವರ ಪಕ್ಕ ಕೂರಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ 2022ರ ಸೆಪ್ಟೆಂಬರಿನಲ್ಲಿ ನೀರು ನುಗ್ಗಿತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದೆವು. ಇದಕ್ಕೂ ಇತಿಹಾಸದಲ್ಲಿ ಮದ್ದಿದೆಯಾ?
- ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಳ್ಳಂದೂರು ಕಡೆಯವರು

ಉತ್ತರ: ಮದ್ದು ಇದೆಯೋ ಇಲ್ಲವೋ, ರೋಗದ ಹೆಸರು ಇದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಕೆರೆ ಮುಚ್ಚಿದ ಊರು ನೀರು ಹುಡುಕಿಕೊಂಡು ದೂರ ದೂರ ಹೋಯಿತು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ನೂರು ಕಿಲೋಮೀಟರ್ ಆಚೆಯ ಕಾವೇರಿ. ನಡುವೆ ಹೆಚ್ಚುಕಮ್ಮಿ ನಲವತ್ತು ವರ್ಷ. ಇದನ್ನೇ ನಿಯಮ ಅಂದುಕೊಳ್ಳಬೇಡಿ. ಆದರೆ ಐದು ವರ್ಷಕ್ಕೆ ಆರಿಸಿ ಬರುವವರ ಕಣ್ಣಿಗೆ ನಲವತ್ತು ವರ್ಷದ ಅಲೆ ಬೀಳುವುದಿಲ್ಲ.

ನಿಮ್ಮ ಜಾಗದ ಹಳೇ ಗ್ರಾಮ ನಕ್ಷೆ ಭೂಮಾಪನ ಇಲಾಖೆಯಿಂದ ತೆಗೆಸಿ, ಕಾಲುವೆ ಗೆರೆ ನಿಮ್ಮ ಗೇಟಿನ ಹತ್ತಿರ ಹೋಗುತ್ತದಾ ನೋಡಿ. ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಅಂತ ಕಲ್ಲು ನೆಟ್ಟರು. ಜನ ಮಾತು ಕೇಳಿದರು. 2011ರಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು. ನೀವೂ ಬೇಸ್‌ಮೆಂಟಿನ ಗೋಡೆಯ ಮೇಲೆ 2022ರ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಸಿ, ತಾರೀಖು ಬರೆಸಿ. ಬಾಡಿಗೆಗೆ ಬರುವವರು ನೋಡಿ ಹೆದರುತ್ತಾರೆ ಅಂತ ಕೆಲವು ಮಾಲೀಕರು ತಕರಾರು ಮಾಡುತ್ತಾರೆ, ಮುಂದಿನ ಸಲ ಸುಣ್ಣಬಣ್ಣ ಹೊಡೆಸುವಾಗ ಸುಮ್ನೆ ಅಳಿಸಿಬಿಡಲೂ ನೋಡುತ್ತಾರೆ. ಪೇಂಟರ್ ಬಂದ ದಿನ ನೀವೇ ಪಕ್ಕದಲ್ಲಿ ನಿಂತಿರಿ.