ಎಲ್ಲರೂ ಒಟ್ಟಿಗೆ ಅಳಬಾರದು

ಪತ್ರ: ನಮ್ಮದು ಶಿವಮೊಗ್ಗದ ಐದು ಜನರ ಬ್ಯಾಂಡ್. ಅಮೆರಿಕದ ‘ದಿ ನ್ಯಾಷನಲ್’ ತಂಡದ ಹಾಡು ಕೇಳಿದರೆ ಎದೆ ಭಾರವಾಗುತ್ತದೆ. ನಾವು ದುಃಖದ ಹಾಡು ಕಟ್ಟಿದರೆ ಬರೀ ಗೋಳಾಟ. ಮೈನರ್ ಸ್ವರಮೇಳ, ನಿಮಿಷಕ್ಕೆ 62 ಬಡಿತದ ನಿಧಾನ ಲಯ, ಎದೆಬಿರಿಯುವ ಗಾಯನ ಎಲ್ಲವೂ ಇದೆ. ತಪ್ಪುತ್ತಿರುವುದೆಲ್ಲಿ? (ಡ್ರಮ್ಸ್‌ನವನು ಮೊದಲು ಮೃದಂಗ ಕಲಿತವನು.)

ಉತ್ತರ: ನೀವು ಪಟ್ಟಿ ಮಾಡಿದ ಮೂರೂ ಒಂದೇ ಹಾಡಿನಲ್ಲಿ ಇರುವುದೇ ತೊಂದರೆ. ಹಾಡುವವರು, ಗಿಟಾರು, ಡ್ರಮ್ಸ್ ಎಲ್ಲರೂ ಒಟ್ಟಿಗೆ ಅತ್ತರೆ ಕೇಳುವವನಿಗೆ ಅಳಲು ಜಾಗ ಉಳಿಯುವುದಿಲ್ಲ. ಶೋಕ ಸ್ಥಾಯಿಭಾವ (ಮೂಲ ಭಾವ), ಕರುಣ ರಸ (ಸವಿಯುವವನ ಅನುಭವ) ಎಂದು ನಮ್ಮ ಅಲಂಕಾರಶಾಸ್ತ್ರ ಬೇರೆ ಬೇರೆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ವೇದಿಕೆಯ ಮೇಲಿನ ಶೋಕವು ಕೇಳುವವರಲ್ಲಿ ಕರುಣವಾಗಬೇಕು.

ದಿ ನ್ಯಾಷನಲ್ ಈ ಹೊರೆಯನ್ನು ಹಂಚಿಕೊಳ್ಳುವ ರೀತಿ ನೋಡಿ. ಓಹಾಯೋದ ಸಿನ್ಸಿನಾಟಿಯಿಂದ ಬಂದ ಈ ಐವರ ತಂಡ 1999ರಲ್ಲಿ ಬ್ರೂಕ್ಲಿನ್‌ನಲ್ಲಿ ಕೂಡಿಕೊಂಡಿತು. ಗಾಯಕ ಮ್ಯಾಟ್ ಬರ್ನಿಂಜರ್ ಅವರ ದನಿ ತಗ್ಗಿನದು. ಹೆಚ್ಚಿನ ಹಾಡುಗಳಲ್ಲಿ ಅದು ಮಾತಾಡುವ ಎತ್ತರದಲ್ಲೇ ನಿಲ್ಲುತ್ತದೆ. ತಳಮಳ ಇರುವುದು ಬ್ರಯನ್ ಡೆವೆಂಡಾರ್ಫ್ ಅವರ ಡ್ರಮ್ಸ್‌ನಲ್ಲಿ. 2010ರ ‘ಹೈ ವೈಲೆಟ್’ ಆಲ್ಬಮ್ಮಿನ ‘ಸಾರೋ’ ಹಾಡಿನಲ್ಲಿ ದನಿ ಅವಸರಪಡುವುದೇ ಇಲ್ಲ, ಕೆಳಗಿನ ಡ್ರಮ್ಸ್ ಮಾತ್ರ ಬಿಡದೆ ಓಡುತ್ತಿರುತ್ತದೆ. ಹೊರಗೆ ಸಮಾಧಾನ, ಒಳಗೆ ಓಟ. ದುಃಖದಲ್ಲಿರುವ ಮನುಷ್ಯ ನಿಜಕ್ಕೂ ಇರುವುದು ಹಾಗೆಯೇ.

ನಿಮ್ಮ ಹಾಡಿನಲ್ಲಿ ಇದನ್ನು ಹೀಗೆ ಮಾಡಿ. ಗಾಯನ 62ರಲ್ಲೇ ಇರಲಿ, ಡ್ರಮ್ಸ್ 124ರಲ್ಲಿ ನಡೆಯಲಿ. ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್) ಮತ್ತು ಸ್ನೇರ್ (ಚಟಪಟ ನುಡಿಯುವ ಚಿಕ್ಕದು) ಮೇಲೆ ಮೆಲ್ಲಗೆ, ಸಿಂಬಲ್ ಮುಟ್ಟದೆ. ಡ್ರಮ್ಸ್ ಇಮ್ಮಡಿಯಾದ ಕೂಡಲೇ ಗಿಟಾರಿನವರ ಕೈಯೂ ತಾನಾಗಿ ಇಮ್ಮಡಿಯಾಗುತ್ತದೆ. ಆಗ ಹಾಡು ಕುಣಿತದ ಹಾಡಾಗುತ್ತದೆ, ಸಾಮಾನ್ಯವಾಗಿ ಎಲ್ಲ ತಂಡಗಳೂ ಎಡವುವುದು ಇಲ್ಲೇ. ಅದನ್ನು ತಡೆಯಲು ಬೇಸ್ ಗಿಟಾರು ಉದ್ದನೆಯ ಸ್ವರ ಹಿಡಿದು ನಿಲ್ಲಲಿ. ಇಬ್ಬರು ಗಿಟಾರಿನವರಲ್ಲಿ ಒಬ್ಬರು ಎರಡು ಮೂರು ಸ್ವರಗಳ ಒಂದೇ ಎಳೆಯನ್ನು ಸುತ್ತಿಸುತ್ತಿರಲಿ, ಇನ್ನೊಬ್ಬರು ಅದರ ನಡುವಿನ ಬಿಡುವಿನಲ್ಲಿ ಮಾತ್ರ ನುಡಿಸಲಿ. ಇಬ್ಬರೂ ಸ್ಟ್ರಮ್ ಮಾಡಿದರೆ (ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದರೆ) ದನಿ ಮುಳುಗುತ್ತದೆ.

ಮೈನರ್ ಇದ್ದರೇ ದುಃಖ ಎಂಬುದನ್ನು ಬಿಟ್ಟುಬಿಡಿ. ಇದೇ ತಂಡದ 2007ರ ‘ಫೇಕ್ ಎಂಪೈರ್’ ಹಾಡು ಮೇಜರ್ ಸ್ಕೇಲಿನದು, ಎಂದರೆ ನಮ್ಮ ಶಂಕರಾಭರಣದ ಸ್ವರಗಳು. ಆದರೂ ಅದರಲ್ಲಿ ನೆಲ ಅಲುಗಾಡಿದಂತಿದೆ. ಕಾರಣ ಪಿಯಾನೋದ ಲಯ, ಮೂರರ ಎದುರು ನಾಲ್ಕು. ನಿಮ್ಮ ಮೃದಂಗದ ಗೆಳೆಯರಿಗೆ ಇದು ಕ್ಷಣದ ಕೆಲಸ: ಹನ್ನೆರಡು ಅಕ್ಷರಗಳಲ್ಲಿ ಒಂದು ಕೈಗೆ ಮೂರು ‘ತಕಧಿಮಿ’, ಇನ್ನೊಂದಕ್ಕೆ ನಾಲ್ಕು ‘ತಕಿಟ’. ಒಂದು ಕೈ 1, 5, 9ರಲ್ಲಿ ಬೀಳುತ್ತದೆ, ಮತ್ತೊಂದು 1, 4, 7, 10ರಲ್ಲಿ. ಎರಡೂ ಕೂಡುವುದು ಒಂದರಲ್ಲಿ ಮಾತ್ರ. ಉಳಿದಂತೆ ಕಿವಿಗೆ ಕಾಲೂರಲು ಜಾಗವಿಲ್ಲ. ನಾಲ್ಕು ಅಕ್ಷರದ ಕೈಯನ್ನು ಜೋರಾಗಿ ನುಡಿಸಿದರೆ ಮೂರರದು ಮರೆಯಾಗುತ್ತದೆ, ಎರಡನ್ನೂ ಸಮವಾಗಿಡಿ.

ಇನ್ನು ದನಿ. ನಿಮ್ಮ ಗಾಯಕರಿಗೆ ತಡೆಯಿಲ್ಲದೆ ಬರುವ ಅತಿ ಕೆಳಗಿನ ಸ್ವರ ಯಾವುದೆಂದು ನೋಡಿ, ಚರಣದ ತಳ ಅದಕ್ಕಿಂತ ಎರಡು ಅರ್ಧಸ್ವರ ಮೇಲಿರಲಿ. ಅದಕ್ಕೂ ಕೆಳಗಿಳಿದರೆ ಮಾತು ಹೋಗಿ ಉಸಿರಷ್ಟೇ ಉಳಿಯುತ್ತದೆ. ಇದಕ್ಕಾಗಿ ಹಾಡಿನ ಶ್ರುತಿ ಇಳಿಸಬೇಕಾದರೆ ಕ್ಯಾಪೋ (ಗಿಟಾರಿನ ಕತ್ತಿಗೆ ಹಾಕುವ ಹಿಡಿಕೆ) ನೆರವಾಗದು; ಅದು ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಗಿಟಾರನ್ನು ಒಂದು ಪೂರ್ಣಸ್ವರ ಇಳಿಸುವುದಾದರೆ 10ರ ತಂತಿ ತೆಗೆದು ಅದಕ್ಕಿಂತ ದಪ್ಪನೆಯ 11ರದು ಹಾಕಿ, ಇಲ್ಲದಿದ್ದರೆ ತಂತಿ ಸಡಿಲಾಗಿ ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತದೆ. ಮೈಕಿಗೂ ಬಾಯಿಗೂ 5ರಿಂದ 8 ಸೆಂ.ಮೀ. ಅಂತರವಿರಲಿ. ಅಷ್ಟು ಹತ್ತಿರದಲ್ಲಿ ಕಾರ್ಡಿಯಾಯ್ಡ್ ಮೈಕ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವಂಥದು) ಮಂದ್ರವನ್ನು ತಾನೇ ಉಬ್ಬಿಸುತ್ತದೆ, ಆದ್ದರಿಂದ ಮಿಕ್ಸರಿನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಆಮೇಲೂ ಮಬ್ಬು ಎನಿಸಿದರೆ 200ರಿಂದ 300 ಹರ್ಟ್ಸ್ ನಡುವೆ 2–3 ಡೆಸಿಬೆಲ್ ಇಳಿಸಿ, ದನಿಯಲ್ಲಲ್ಲ, ಗಿಟಾರಿನಲ್ಲಿ.

ದುಃಖದಲ್ಲಿ ಮುಳುಗಿದಷ್ಟೂ ಹಾಡು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಿ. 2023ರ ಆಲ್ಬಮ್ಮಿಗೆ ಮುಂಚೆ ಖಿನ್ನತೆ ಆವರಿಸಿದ್ದಾಗ ತಮಗೆ ಸಾಲೇ ಬರೆಯಲಾಗುತ್ತಿರಲಿಲ್ಲ ಎಂದು ಬರ್ನಿಂಜರ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಚೇತರಿಕೆ ಮೊದಲು, ಹಾಡು ಆಮೇಲೆ.

ಕೊನೆಗೊಂದು ಅಭ್ಯಾಸ. 2013ರ ಮೇ 5ರಂದು ಈ ತಂಡ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾಕೇಂದ್ರದಲ್ಲಿ ಐಸ್‌ಲ್ಯಾಂಡಿನ ಕಲಾವಿದ ರಾಗ್ನರ್ ಕ್ಯಾರ್ಟನ್‌ಸನ್ ಅವರ ಕಲಾಕೃತಿಗಾಗಿ ಅದೇ ‘ಸಾರೋ’ ಹಾಡನ್ನು ಆರು ಗಂಟೆ, 105 ಸಲ ಹಾಡಿತು. ನಿಮಗೆ ಹತ್ತು ಸಲ ಸಾಕು. ನಡುವೆ ನಿಲ್ಲಿಸದೆ ನುಡಿಸಿ, ಫೋನಿನಲ್ಲಿ ಮುದ್ರಿಸಿ, ಮೊದಲನೆಯದನ್ನೂ ಹತ್ತನೆಯದನ್ನೂ ಒಟ್ಟಿಗೆ ಕೇಳಿ. ಬೇಕೆಂದೇ ಹಾಕಿದ ನಡುಕ, ಎಳೆತ, ನಿಟ್ಟುಸಿರು ಆಯಾಸದಿಂದಲೇ ಉದುರಿರುತ್ತವೆ. ಹತ್ತನೆಯದರಲ್ಲಿ ಏನು ಉಳಿದಿದೆಯೋ ಅದರಿಂದ ಹಾಡನ್ನು ಮತ್ತೆ ಕಟ್ಟಿ. ಎರಡೂ ಮುದ್ರಣಗಳನ್ನು ನಮಗೆ ಕಳಿಸಿದರೆ ಕೇಳಿ ಬರೆಯುತ್ತೇವೆ.

– ಸಂಪಾದಕರು