ಎತ್ತರ ಸರಿಯಾಗಿ ಹೇಳಿದ್ದರೂ ಡಿಕ್ಕಿ ಏಕಾಯಿತು?

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದ ದುರಂತದಲ್ಲಿ ವಾಯು ಸಂಚಾರ ನಿಯಂತ್ರಕರು ಎರಡೂ ವಿಮಾನಗಳಿಗೆ ಬೇರೆ ಬೇರೆ ಎತ್ತರ ಕೊಟ್ಟಿದ್ದರೂ ತಪ್ಪು ತಿಳಿವಳಿಕೆ ಹೇಗಾಯಿತು ಎಂದು ತಾವು ಕೇಳಿದ್ದೀರಿ. ದೆಹಲಿಗೆ ಇಳಿಯುತ್ತಿದ್ದ ಕಝಾಕ್ ಇಲ್ಯೂಷಿನ್‌ಗೆ 15,000 ಅಡಿ, ಮೇಲೇರುತ್ತಿದ್ದ ಸೌದಿ ಬೋಯಿಂಗ್‌ಗೆ 14,000 ಅಡಿ ನಿಗದಿಯಾಗಿತ್ತು. ಕಝಾಕ್ ವಿಮಾನ ತನ್ನ ಮಿತಿಯನ್ನು ದಾಟಿ ಕೆಳಗಿಳಿಯಿತು.

ನನ್ನ ದೃಷ್ಟಿಯಲ್ಲಿ ಮಾತು ಎಡವಿದ್ದು ಆ ಕಾಕ್‌ಪಿಟ್‌ನ ಒಳಗೇ. ನಿಯಂತ್ರಕರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವರು ಹಿಂದೆ ಕುಳಿತಿದ್ದ ರೇಡಿಯೊ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲವಾದ್ದರಿಂದ, ವಿಮಾನ ಎಷ್ಟು ಎತ್ತರದಲ್ಲಿದೆಯೆಂದು ತಿಳಿಯಲು ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಕೊನೆಯ ಕ್ಷಣಗಳಲ್ಲಿ ಅವರು ಎಚ್ಚರಿಸಿದರಾದರೂ ಕಾಲ ಮಿಂಚಿತ್ತು, ಎರಡೂ ವಿಮಾನಗಳ 349 ಜನರೂ ಅಸುನೀಗಿದರು. ಆಗಿನ ದೆಹಲಿ ರಾಡಾರ್ ಪರದೆಯಲ್ಲಿ ವಿಮಾನದ ಎತ್ತರ ಕಾಣುತ್ತಿರಲಿಲ್ಲ, ಹೀಗಾಗಿ ನಿಯಂತ್ರಕರು ರೇಡಿಯೊದಲ್ಲಿ ಕೇಳಿದ ಮಾತನ್ನೇ ನಂಬಬೇಕಿತ್ತು.